ಮಾತಿನ ಹಲಗೆಯ ಮೇಲಿನ ಗಾಜು

ಸ್ಟ್ರೋಕ್ ಹೊಡೆದ ಮೇಲೆ ಮನುಷ್ಯ ಒಳ್ಳೆಯವನಾಗುತ್ತಾನೆ ಎಂದು ಯಾವ ಡಾಕ್ಟರೂ ಹೇಳಿರಲಿಲ್ಲ. ಆದರೆ ಆ ಮನೆಯ ಅಪ್ಪ ಆಗಿದ್ದರು. ರೈಲಿನಲ್ಲಿ ಟಿಕೆಟ್ ಪರೀಕ್ಷಕರಾಗಿದ್ದವರು. 'ಆಗಲ್ಲ', 'ನಡೆಯಲ್ಲ', 'ಇಳೀರಿ' ಎಂಬ ಮಾತುಗಳಲ್ಲೇ ನೌಕರಿ ಮುಗಿಸಿದ್ದರು. ಮನೆಯಲ್ಲೂ ಅದೇ ವರಸೆ. ಅಡುಗೆಗೆ ಉಪ್ಪು ಕಮ್ಮಿ ಎಂದರೂ ಜಗಳ, ಸರಿಯಾಗಿದೆ ಎಂದರೂ ಜಗಳ. ಹೆಂಡತಿ ಏನಾದರೂ ಕೇಳಲು ಬಾಯಿ ತೆರೆದರೆ ಸಾಕು, 'ಬೇಡ' ಎನ್ನುತ್ತಿದ್ದರು. ಏನು ಬೇಡ ಎಂಬುದನ್ನು ಆಮೇಲೆ ವಿಚಾರಿಸಿಕೊಳ್ಳುತ್ತಿದ್ದರು. ಅಂಥವರು ಈಗ ಗಾಲಿಕುರ್ಚಿಯಲ್ಲಿ ಕೂತು ಕೇಳಿದ್ದಕ್ಕೆಲ್ಲ 'ಹೌದು' ಎನ್ನುತ್ತಿದ್ದರು. ಬಾಯಿಂದಲ್ಲ, ಬಾಯಿ ಬಿದ್ದುಹೋಗಿತ್ತು. ಮಗಳು ಮಾಡಿಕೊಟ್ಟ ಮಾತಿನ ಹಲಗೆಯಿಂದ.

ಹಲಗೆ ಎಂದರೆ ಕುರ್ಚಿಯ ತೋಳಿಗೆ ಸಿಕ್ಕಿಸಿದ ಒಂದು ಟಚ್‌ಸ್ಕ್ರೀನ್. ಅದರ ಬೆನ್ನಿಗೆ ಅಂಗೈ ಅಗಲದ ಕಂಪ್ಯೂಟರ್, ಒಂದು ಬ್ಯಾಟರಿ, ಪುಟ್ಟ ಸ್ಪೀಕರ್. ಪರದೆಯ ಮೇಲೆ ಏಳು ಬಟನ್: ಹೌದು, ಚೆನ್ನಾಗಿದೆ, ನೀರು, ಬೆಳಕು, ಬಾ, ನೋವು, ಬೇಡ. ಅಪ್ಪನ ಎಡಗೈ ಒಂದಿಷ್ಟು ಆಡುತ್ತಿತ್ತು. ಅದರಿಂದ ಮುಟ್ಟಿದರೆ ಹಲಗೆ ಆ ಮಾತನ್ನು ಗಟ್ಟಿಯಾಗಿ ಆಡಬೇಕು. ದನಿ ಮಗಳ ತಮ್ಮನದು, ಅವನ ಗಂಟಲು ಅಪ್ಪನದನ್ನೇ ಹೋಲುತ್ತಿದ್ದರಿಂದ ಮಗಳು ಅವನನ್ನು ಕೂರಿಸಿಕೊಂಡು ಏಳು ಮಾತು ಆಡಿಸಿ ತುಂಬಿಸಿದ್ದಳು. ಹಲಗೆಯನ್ನು ಆಗಾಗ ಆರಿಸಿ ಹಚ್ಚಿ ಮಾಡಿದರೆ ಕೆಡುತ್ತದೆ, ಮಲಗುವಾಗ ಸ್ಪೀಕರಿನ ಸದ್ದು ಇಳಿಸಿದರೆ ಸಾಕು ಎಂದು ಅಮ್ಮನಿಗೆ ಹೇಳಿಕೊಟ್ಟಿದ್ದಳು. ಬಟನ್‌ಗಳ ಅಳತೆಯೂ ಅವಳದೇ. 'ಹೌದು', 'ಚೆನ್ನಾಗಿದೆ' ಎರಡೇ ಸೇರಿ ಮುಕ್ಕಾಲು ಪರದೆಯನ್ನು ನುಂಗಿದ್ದವು. 'ಬೇಡ' ಕೆಳಗಿನ ಮೂಲೆಯಲ್ಲಿ ಅಂಚೆಚೀಟಿಯಷ್ಟು.

"ಬೇಡ ಇಷ್ಟೇ ಇಷ್ಟಾ ಅಕ್ಕಾ?" ಎಂದು ತಮ್ಮ ಕೇಳಿದ್ದ.

"ಅಪ್ಪನಿಗೆ ಬೇಡ ಅನ್ನಕ್ಕೆ ಬಟನ್ ಯಾಕೋ? ಆ ಮುಖ ಸಾಕು," ಎಂದಿದ್ದಳು. ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕಿದ್ದರು.

ಹಲಗೆ ಮನೆಗೆ ಬಂದ ದಿನ ಅಪ್ಪ ಅದನ್ನು ಟಿಕೆಟ್ ನೋಡುವ ಹಾಗೆ ಹಿಂದೆ ಮುಂದೆ ನೋಡಿ, ಕೈ ಎತ್ತಿ, 'ನೀರು' ಎಂಬುದರ ಮೇಲೆ ಬೆರಳಿಟ್ಟರು. ಬಟನ್ ತಗ್ಗಿತು. "ನೀರು," ಎಂದಿತು ಹಲಗೆ. ಅಮ್ಮ ಲೋಟ ಹಿಡಿದು ಓಡಿ ಬಂದರು, ಅರ್ಧ ನೀರು ದಾರಿಯಲ್ಲೇ ಚೆಲ್ಲಿತು. ಆಮೇಲೆ ಅಪ್ಪ 'ಬೆಳಕು' ಎಂದರು, ತಮ್ಮ ದೀಪ ಹಾಕಿದ. 'ಬಾ' ಎಂದರು, ಅಮ್ಮ ಹೋಗಿ ಪಕ್ಕದಲ್ಲಿ ಕೂತು ಸೆರಗಿನಿಂದ ಕಣ್ಣೊರೆಸಿಕೊಂಡರು. ಮಗಳಿಗೆ ಹೊಟ್ಟೆ ತುಂಬಿದ ಹಾಗಾಗಿತ್ತು. ಕೆಲಸ ಕಲಿತದ್ದು ಇದಕ್ಕೇ ಎನ್ನಿಸಿತ್ತು.

ಅಂದಿನಿಂದ ಆ ಮನೆಯಲ್ಲಿ ಮಾತೋ ಮಾತು. ಅಮ್ಮ ಕೆಲಸ ಮುಗಿಸಿ ಅಪ್ಪನ ಎದುರು ಕುರ್ಚಿ ಹಾಕಿಕೊಂಡು ಕೂತರೆ ಹೊತ್ತು ಹೋದದ್ದು ಗೊತ್ತಾಗುತ್ತಿರಲಿಲ್ಲ. ಪರದೆಯ ಮುಖ ಅಪ್ಪನ ಕಡೆಗೆ, ಬೆನ್ನು ಅಮ್ಮನ ಕಡೆಗೆ. ಅವರು ಕೇಳುತ್ತಿದ್ದರು, ಅಪ್ಪನ ಕೈ ಪರದೆಯ ಹಿಂದೆ ಏಳುತ್ತಿತ್ತು, ಸ್ವಲ್ಪ ಹೊತ್ತಿಗೆ ಉತ್ತರ ಬರುತ್ತಿತ್ತು. ಒಮ್ಮೊಮ್ಮೆ ಕೈ ಏಳದೆಯೂ ಬರುತ್ತಿತ್ತು. ಅಷ್ಟನ್ನೆಲ್ಲ ಯಾರು ಲೆಕ್ಕ ಇಡುತ್ತಾರೆ?

"ನಮ್ಮಕ್ಕನ ಮದುವೆಗೆ ನನ್ನ ಕಳಿಸ್ಲಿಲ್ವಲ್ಲ, ಅದು ನಿಮ್ಮ ತಪ್ಪು ತಾನೇ?" ಎಂದು ಒಂದು ಮಧ್ಯಾಹ್ನ ಅಮ್ಮ ಕೇಳಿದರು.

ಪರದೆಯ ಹಿಂದೆ ಅಪ್ಪನ ಕೈ ಎದ್ದಿತು. ಆಮೇಲೆ, "ಹೌದು."

ಅಮ್ಮ ಎದ್ದು ಒಳಗೆ ಹೋಗಿ ಮಗಳ ಹತ್ತಿರ ಪಿಸುಗುಟ್ಟಿದರು. "ಇಷ್ಟು ವರ್ಷ ಬಾಳಿದೀನಿ, ಒಂದು ದಿನ ತಪ್ಪು ಅಂದಿರ್ಲಿಲ್ಲ ಕಣೇ. ದೇವರು ಬಾಯಿ ಕಿತ್ಕೊಂಡು ಬುದ್ಧಿ ಕೊಟ್ಟ."

ಹಾಗೆ ನೋಡಿದರೆ ಮೊದಮೊದಲು ಅಪ್ಪ ಪರದೆಯನ್ನು ಬಡಿಯುತ್ತಿದ್ದದ್ದುಂಟು. ಗಂಟಲಲ್ಲಿ ಗೊರಗೊರ ಸದ್ದು ಮಾಡಿ, ನೆಟ್ಟಗಿರುವ ಅರ್ಧ ಮುಖವನ್ನು ಕೆಂಪಗೆ ಮಾಡಿಕೊಂಡು ಕುರ್ಚಿಯನ್ನೇ ಅಲುಗಾಡಿಸುತ್ತಿದ್ದರು. ಹಲಗೆ ಮಾತ್ರ "ಚೆನ್ನಾಗಿದೆ" ಎನ್ನುತ್ತಿತ್ತು. ಡಾಕ್ಟರು ನೋಡಿ, ಮೆದುಳಿಗೆ ಪೆಟ್ಟು ಬಿದ್ದವರಲ್ಲಿ ಇಂಥ ಸಿಡುಕು ಸಾಮಾನ್ಯ, ಬರಬರುತ್ತ ತಣ್ಣಗಾಗುತ್ತಾರೆ ಎಂದರು. ತಣ್ಣಗಾದರು. ಈಚೀಚೆಗೆ ಕೈ ಆಗೊಮ್ಮೆ ಈಗೊಮ್ಮೆ ಪರದೆಯವರೆಗೆ ಹೋಗಿ ಬರುತ್ತಿತ್ತು, ಅಷ್ಟೆ.

ಏಳು ತಿಂಗಳು ಕಳೆದವು. ಅಪ್ಪನನ್ನು ಎತ್ತಿ ಇಳಿಸಿ ಅಮ್ಮನ ಬೆನ್ನು ಬಿಲ್ಲಾಗಿತ್ತು. ಮೂರನೇ ಮಹಡಿ, ಲಿಫ್ಟ್ ಇಲ್ಲ. ಊರಾಚೆ ಒಂದು ಆರೈಕೆ ಕೇಂದ್ರವಿತ್ತು. ವ್ಯಾಯಾಮ ಮಾಡಿಸುವವರು, ದಾದಿಯರು, ದೊಡ್ಡ ಅಂಗಳ. ಅಲ್ಲಿ ಒಂದು ಹಾಸಿಗೆ ಖಾಲಿಯಾಗಿದೆ ಎಂದು ಸುದ್ದಿ ಬಂತು. ಮೂವರೂ ಅಪ್ಪನ ಎದುರು ಕೂತು ಕೇಳಿದರು. ಅಪ್ಪನ ಮನಸ್ಸಿಗೆ ವಿರುದ್ಧವಾಗಿ ಕಳಿಸುವವರಲ್ಲ ಅವರು. ಒಂದು 'ಬೇಡ' ಬಂದಿದ್ದರೆ ಅಲ್ಲಿಗೇ ಆ ಮಾತು ಮುಗಿಯುತ್ತಿತ್ತು.

"ಹೋಗ್ತೀರಾ ರೀ?" ಎಂದರು ಅಮ್ಮ.

"ಹೌದು," ಎಂದಿತು ಹಲಗೆ. ತಡೆದು, "ಚೆನ್ನಾಗಿದೆ."

ಮರುದಿನ ಬೆಳಿಗ್ಗೆ ಕೇಂದ್ರದ ಗಾಡಿ ಬರುವುದಿತ್ತು. ಹೊಸ ಜಾಗಕ್ಕೆ ಹೋಗುವವರು ಮುಖ ನೀಟಾಗಿ ಇಟ್ಟುಕೊಂಡು ಹೋಗಲಿ ಎಂದು ಅಮ್ಮ ಹಿಂದಿನ ದಿನವೇ ಕ್ಷೌರದವನನ್ನು ಮನೆಗೆ ಕರೆಸಿದರು. ಅವನು ಬಿಳಿ ಬಟ್ಟೆ ಕೊಡವಿ ಅಪ್ಪನ ಕೊರಳಿಗೆ ಸುತ್ತಿ, ಎರಡೂ ಕೈಗಳನ್ನು ಒಳಗೆ ಸೇರಿಸಿ ಹಿಂದೆ ಗಂಟು ಹಾಕಿದ. ಗಡ್ಡಕ್ಕೆ ನೊರೆ ಹಚ್ಚಿದ. ಮಗಳು ಅಪ್ಪನ ಹೆಗಲ ಹಿಂದೆ ನಿಂತು ತಲೆ ಅಲುಗದಂತೆ ಹಿಡಿದುಕೊಂಡಿದ್ದಳು. ಆ ಏಳು ತಿಂಗಳಲ್ಲಿ ಅವಳು ಅಪ್ಪ ನೋಡುವ ಕಡೆಯಿಂದ ಪರದೆಯನ್ನು ನೋಡುತ್ತ ನಿಂತದ್ದು ಅದೇ ಮೊದಲು.

'ಚೆನ್ನಾಗಿದೆ' ಎಂಬ ಬಟನ್ ತಗ್ಗಿತು. ಎದ್ದಿತು. "ಚೆನ್ನಾಗಿದೆ," ಎಂದಿತು ಹಲಗೆ.

"ನೋಡಿ, ಯಜಮಾನ್ರಿಗೆ ಖುಷಿ ಆಯ್ತು!" ಎಂದ ಕ್ಷೌರದವನು. "ನನ್ ಕೈಗುಣ ಅಂದ್ರೆ ಸುಮ್ನೆನಾ?"

ಮಗಳು ಬಟ್ಟೆಯ ಕಡೆ ನೋಡಿದಳು. ಅದರಡಿ ಎರಡೂ ಕೈಗಳು ತೊಡೆಯ ಮೇಲೆ ಇದ್ದ ಹಾಗೇ ಇದ್ದವು. ಪರದೆಯ ಹತ್ತಿರ ಒಂದು ನೊಣವೂ ಇರಲಿಲ್ಲ. ಕತ್ತಿ ಕೆನ್ನೆಯ ಮೇಲೆ ಕರಕರ ಇಳಿಯುತ್ತಿತ್ತು. ಮತ್ತೆ, ಯಾರೋ ಬೆರಳಿಟ್ಟ ಹಾಗೆ, 'ಹೌದು' ತಗ್ಗಿತು. ಅವಳ ಅಂಗೈಯೊಳಗೆ ಅಪ್ಪನ ತಲೆ ಮುಟ್ಟಿದವರಿಗಷ್ಟೇ ತಿಳಿಯುವಷ್ಟು ಸಣ್ಣಗೆ, ಎಡಕ್ಕೂ ಬಲಕ್ಕೂ, ಅಲುಗಿತು.

"ಅಲುಗಬೇಡಿ ಯಜಮಾನ್ರೇ, ಕತ್ತಿ ತಾಗತ್ತೆ," ಎಂದ ಕ್ಷೌರದವನು.

ಅವನು ಹೋದ ಮೇಲೆ ಮಗಳು ತನ್ನ ಲ್ಯಾಪ್‌ಟಾಪ್ ತಂದು ಅಪ್ಪನ ಪಕ್ಕದಲ್ಲೇ ನೆಲದ ಮೇಲೆ ಕೂತಳು. ಹಗಲು ಹನ್ನೊಂದರ ಬಿಸಿಲು ಕೋಣೆಯ ತುಂಬ ಇತ್ತು. ಪರದೆಯ ಗಾಜು ಕೆಟ್ಟಿರಬೇಕು, ತೇವಕ್ಕೆ ತಾನೇ ಮುಟ್ಟಿದಂತೆ ಆಗುತ್ತಿರಬೇಕು ಎಂದು ಮನಸ್ಸಿಗೆ ಸಮಾಧಾನ ಹೇಳಿಕೊಂಡಳು. ಕಸುಬಿನವಳಿಗೆ ಸಮಾಧಾನ ಹೇಳುವುದು ಅಷ್ಟು ಸುಲಭವಲ್ಲ.

ಅವಳ ಕಸುಬೇ ಅದು. ಅವಳು ಕೆಲಸಕ್ಕಿದ್ದ ವರ್ಕ್‌ಶಾಪಿನಲ್ಲಿ ಪಾರ್ಕಿಂಗ್ ಯಂತ್ರ, ಟಿಕೆಟ್ ಯಂತ್ರಗಳಿಗೆ ಪರದೆ ಮಾಡುತ್ತಿದ್ದರು. ಎಲ್ಲಕ್ಕೂ ಒಳಗೆ ಇರುವುದು ಯಾರು ಬೇಕಾದರೂ ಬಿಚ್ಚಿ ನೋಡಿ ತಿದ್ದಬಹುದಾದ, ಎಲ್ಲರಿಗೂ ಮುಕ್ತವಾದ ಆಪರೇಟಿಂಗ್ ಸಿಸ್ಟಮ್. ಅದರ ಮೇಲೆ ಕಿಟಕಿ, ಬಟನ್, ಪಟ್ಟಿಗಳನ್ನು ಬರೆದುಕೊಡುವ ಸಿದ್ಧ ಪ್ರೋಗ್ರಾಮುಗಳ ಒಂದು ಕಟ್ಟು, ಅವರ ಮಾತಿನಲ್ಲಿ ಲೈಬ್ರರಿ. ಅದನ್ನು ಬೇಕಾದಂತೆ ಹೊಂದಿಸುವುದು ಇವಳ ಕೆಲಸ. ಹೊಸದಾಗಿ ಸೇರಿದವರಿಗೆ ಹೇಳಿ ಹೇಳಿ ಅವಳಿಗೆ ಬಾಯಿಪಾಠವಾಗಿತ್ತು: ಪರದೆಯ ಮೇಲಿನ ಬಟನ್ ಒಂದು ವಸ್ತುವಲ್ಲ, ನಾಲ್ಕು ಗೆರೆ, ಒಂದಿಷ್ಟು ನೆರಳು. ಒತ್ತಿದರೆ ಅದು ತಗ್ಗುವುದೂ ಇಲ್ಲ, ತಗ್ಗಿದ ಹಾಗೆ ಲೈಬ್ರರಿ ಇನ್ನೊಂದು ಚಿತ್ರ ಬರೆಯುತ್ತದೆ. ಒಳಗೆ ಅದು ಬಾಗಿಲ ಕಾವಲುಗಾರನಂತೆ, ಸುದ್ದಿ ಬಂತಾ, ಸುದ್ದಿ ಬಂತಾ ಎಂದು ಕಾಯುತ್ತ ಕೂತಿರುತ್ತದೆ. 'ಇಂಥ ಜಾಗದಲ್ಲಿ ಮುಟ್ಟಿದರು' ಎಂದು ಸುದ್ದಿ ಬಂದರೆ ಆ ಜಾಗದ ಬಟನ್‌ಗೆ ಹೇಳುತ್ತದೆ. ಮುಟ್ಟಿದ್ದು ಯಾರು ಎಂದು ಕೇಳುವುದಿಲ್ಲ. ಕೇಳಬೇಕು ಎಂದು ಯಾರಿಗೂ ಅನ್ನಿಸಿರುವುದಿಲ್ಲ.

ಲ್ಯಾಪ್‌ಟಾಪಿನಲ್ಲಿ ಅವಳು ಆ ಸುದ್ದಿಗಳನ್ನು ಬಂದ ಹಾಗೇ ತೋರಿಸುವ ಪ್ರೋಗ್ರಾಮನ್ನು ತೆರೆದಳು. ಕಾದಳು. ಹಲಗೆ "ಹೌದು" ಎಂದಿತು. ಲ್ಯಾಪ್‌ಟಾಪಿನಲ್ಲಿ ಒಂದು ಸಾಲು ಮೂಡಿತು. ಮುಟ್ಟಿದ ಜಾಗ ಇತ್ತು, ಹೊತ್ತು ಇತ್ತು. ಕೊನೆಯಲ್ಲಿ, ಇದು ಬೆರಳಿನಿಂದ ಬಂದದ್ದಲ್ಲ, ಇನ್ನೊಂದು ಪ್ರೋಗ್ರಾಮು ಕಳಿಸಿದ್ದು ಎಂಬ ಗುರುತು ಇತ್ತು.

ಅವಳು ಕೈ ಚಾಚಿ ತನ್ನ ಬೆರಳನ್ನೇ 'ನೀರು' ಎಂಬುದರ ಮೇಲಿಟ್ಟಳು.

ಏನೂ ಆಗಲಿಲ್ಲ. ಬಟನ್ ತಗ್ಗಲಿಲ್ಲ. ಒತ್ತಿ ಹಿಡಿದಳು. 'ನೋವು' ಮುಟ್ಟಿದಳು. ಪುಟ್ಟ 'ಬೇಡ'ವನ್ನು ಉಗುರಿನಿಂದ ಕುಟ್ಟಿದಳು. ಗೋಡೆಗೆ ಅಂಟಿಸಿದ ಚಿತ್ರವನ್ನು ಮುಟ್ಟಿದ ಹಾಗಿತ್ತು. ಅವಳ ಬೆರಳು ಇನ್ನೂ 'ಬೇಡ'ದ ಮೇಲಿರುವಾಗಲೇ, ಅತ್ತ ತುದಿಯಲ್ಲಿ 'ಚೆನ್ನಾಗಿದೆ' ತಾನಾಗಿ ತಗ್ಗಿ, ತಮ್ಮನ ದನಿಯಲ್ಲಿ ಮಾತಾಡಿತು.

ತಲೆ ಎತ್ತಿದಳು. ಅಪ್ಪ ಪರದೆಯನ್ನು ನೋಡುತ್ತಿರಲಿಲ್ಲ. ಅವಳ ಬೆರಳನ್ನು ನೋಡುತ್ತಿದ್ದರು. ಆಮೇಲೆ ಅವಳ ಮುಖ ನೋಡಿದರು. ಈಗ ಗೊತ್ತಾಯಿತೇ ಎಂದು ಕೇಳುವವರ ಹಾಗೆ ಮುಖದ ನೆಟ್ಟಗಿದ್ದ ಬದಿಯ ಕಣ್ಣು ಅವಳನ್ನು ಬಿಡಲೇ ಇಲ್ಲ.

"ಅಪ್ಪಾ," ಎಂದಳು. ಬೆರಳನ್ನು ಪರದೆಯಿಂದ ಹಿಂದಕ್ಕೆ ತೆಗೆದಳು. ಏನಾಗಿದೆ ಎಂಬುದು ಅವಳಿಗೆ ಆಗಲೇ ಹೊಳೆದಿತ್ತು.

ವರ್ಕ್‌ಶಾಪಿನಲ್ಲಿ ಅವರು ಅದನ್ನು ದೆವ್ವ ಎಂದು ಕರೆಯುತ್ತಿದ್ದರು. ಇವಳೇ ಬರೆದದ್ದು. ಯಂತ್ರ ಬೀದಿಗೆ ಹೋಗುವ ಮೊದಲು ವಾರಗಟ್ಟಲೆ ಅದನ್ನು ಒತ್ತಿಸಿ ನೋಡಬೇಕು. ಅಷ್ಟು ಹೊತ್ತು ಯಾವ ಮನುಷ್ಯ ನಿಂತಿರುತ್ತಾನೆ? ಹಾಗಾಗಿ ದೆವ್ವ. ಅದು ಆಗಾಗ, ಮನಸ್ಸಿಗೆ ಬಂದ ಜಾಗದಲ್ಲಿ ಮುಟ್ಟಿದೆನೆಂದು ಸುದ್ದಿ ಕಳಿಸುತ್ತದೆ. ಎಲ್ಲ ಕಡೆಯೂ ಒಂದೇ ಸಮ ಉದುರುವುದರಿಂದ ದೊಡ್ಡ ಬಟನ್‌ಗೆ ಹೆಚ್ಚು, ಚಿಕ್ಕದಕ್ಕೆ ಅಪರೂಪಕ್ಕೆ ಒಂದು. ಪರೀಕ್ಷೆಯ ನಡುವೆ ದಾರಿಹೋಕರು ಕೈಯಾಡಿಸಿ ಕೆಡಿಸಬಾರದೆಂದು ಇನ್ನೊಂದು ಏರ್ಪಾಡು ಇತ್ತು, ಅದರ ಹೆಸರು ಗಾಜು. ಪರದೆಯ ಮೇಲಿನ ಕಿಟಕಿಗಳು ಒಂದರ ಮೇಲೊಂದು ಇಟ್ಟ ಹಾಳೆಗಳ ಹಾಗೆ. ಬೆರಳು ಎಲ್ಲಕ್ಕಿಂತ ಮೇಲಿನದಕ್ಕೆ ಸೇರುತ್ತದೆ. ಚಿತ್ರವೇ ಇಲ್ಲದ, ಮುಟ್ಟಿದ್ದನ್ನು ಹಿಡಿದುಕೊಳ್ಳಲಿಕ್ಕೆಂದೇ ಇರುವ ಕಿಟಕಿಯನ್ನೂ ಮಾಡಬಹುದು. ಅದು ಕಣ್ಣಿಗೆ ಕಾಣುವುದಿಲ್ಲ. ಯಂತ್ರ ಶುರುವಾಗಿ ಸ್ವಲ್ಪ ಹೊತ್ತಿಗೆ ಸದ್ದಿಲ್ಲದೆ ಬಂದು ಎಲ್ಲದರ ಮೇಲೆ ಮಲಗುತ್ತದೆ. ಆಮೇಲೆ ಮನುಷ್ಯರ ಬೆರಳೆಲ್ಲ ಅದರ ಪಾಲು, ಕೆಳಗಿನ ಬಟನ್‌ಗಳೆಲ್ಲ ದೆವ್ವದ ಪಾಲು.

ಯಂತ್ರ ಸಾಗಿಸುವ ಮೇಜಿನ ಹತ್ತಿರ ಅಲ್ಲಿನ ಹಿರಿಯ ಮೆಕ್ಯಾನಿಕ್ ಪ್ರತಿ ಸಲವೂ ಕೂಗಿ ಕೇಳುತ್ತಿದ್ದ: "ದೆವ್ವ ಬಿಡಿಸಿದ್ರಾ?" ಬಿಡಿಸಿದೀವಿ ಎಂದು ಯಾರಾದರೂ ಕೂಗಿ ಹೇಳುವವರೆಗೆ ಪೆಟ್ಟಿಗೆಗೆ ಮೊಳೆ ಹೊಡೆಯುವಂತಿರಲಿಲ್ಲ. ಅಪ್ಪನ ಹಲಗೆ ಆ ಮೇಜಿಗೆ ಹೋಗಲೇ ಇಲ್ಲ. ಮನೆಯ ಕೆಲಸ, ಇವಳು ಚೀಲದಲ್ಲಿ ಹಾಕಿಕೊಂಡು ಬಂದಿದ್ದಳು. ತರುವ ಮೊದಲು, ಅಪ್ಪನಿಗಲ್ಲವೇ, ಎಲ್ಲಕ್ಕಿಂತ ಹೊಸದು ಇರಲಿ ಎಂದು ವರ್ಕ್‌ಶಾಪಿನ ಲೈಬ್ರರಿಯನ್ನು ಇದ್ದ ಹಾಗೇ ತುಂಬಿಸಿದ್ದಳು. ಅದರ ಬೆನ್ನಿಗೆ ದೆವ್ವವೂ ಗಾಜೂ ಬಂದಿದ್ದವು. ಬೇರೆಯವರ ಯಂತ್ರಕ್ಕೆ ಮಾಡುವ ಎಚ್ಚರಿಕೆಯನ್ನು ಹೆತ್ತ ಅಪ್ಪನಿಗೆ ಮಾಡಿರಲಿಲ್ಲ.

ತಮ್ಮ ಬಾಗಿಲಲ್ಲಿ ನಿಂತು ಅವಳು ಹೇಳಿದ್ದೆಲ್ಲವನ್ನೂ ಕೇಳಿದ.

"ಹಾಗಾದ್ರೆ ಅಪ್ಪ ಹೇಳಿದ್ದು ಯಾವುದು?"

"ಮೊದಲ್ನೇ ದಿನ ನೀರು ಕೇಳಿದ್ರಲ್ಲ, ಅದು. ಬೆಳಕು. ಬಾ ಅಂದಿದ್ದು."

"ಆಮೇಲೆ?"

"ಆಮೇಲೆ ಒಂದೂ ಇಲ್ಲ."

ಒಳಕೋಣೆಯಲ್ಲಿ ಅಮ್ಮ ಅಪ್ಪನ ಬಟ್ಟೆ ಮಡಿಸುತ್ತ ಏನನ್ನೋ ಗುನುಗುತ್ತಿದ್ದರು. ತಮ್ಮ ಬಾಗಿಲನ್ನು ಅರ್ಧ ಎಳೆದುಕೊಂಡ. "ಅಕ್ಕಾ, ಅಮ್ಮನಿಗೆ ಹೇಳ್ಬೇಡ. ಅಪ್ಪ ತಪ್ಪು ಒಪ್ಕೊಂಡ್ರು ಅಂತ ಊರೆಲ್ಲ ಹೇಳ್ಕೊಂಡು ಓಡಾಡ್ತಿದಾಳೆ. ಎದೆ ಒಡೆದು ಸಾಯ್ತಾಳೆ. ಸುಮ್ನೆ ಸರಿ ಮಾಡ್ಬಿಡು. ಏನೂ ಆಗಿಲ್ಲ ಅನ್ನೋ ಹಾಗಿರೋಣ."

"ನಾಳೆ ಗಾಡಿ ಬರತ್ತಲ್ಲೋ. ಹೋಗ್ತೀನಿ ಅಂದಿದ್ದು ಯಾರು? ಅಪ್ಪನಾ?"

ತಮ್ಮ ಏನೋ ಹೇಳಲು ಬಾಯಿ ತೆರೆದ. ಅವನ ಬದಲಿಗೆ ಹಲಗೆಯೇ "ಹೌದು" ಎಂದಿತು, ಅವನದೇ ದನಿಯಲ್ಲಿ. ಅವನು ಬೆಚ್ಚಿ ಗೋಡೆಗೆ ಒರಗಿದ.

ಮಗಳು ದೆವ್ವವನ್ನು ನಿಲ್ಲಿಸಿದಳು. ಒಂದು ಸಾಲಿನ ಆಜ್ಞೆ, ಅಷ್ಟೆ. ಕೋಣೆ ಒಮ್ಮೆಲೇ ಖಾಲಿಯಾದ ಹಾಗಾಯಿತು. ಆಮೇಲೆ ಗಾಜನ್ನು ತೆಗೆಯುವ ಆಜ್ಞೆ ಬರೆದು ಒತ್ತಿದಳು.

"ಮುಗೀತಪ್ಪ," ಎಂದಳು. "ಈಗ ಮುಟ್ಟಿ."

ಅಪ್ಪ ಮುಟ್ಟಲಿಲ್ಲ. ಕೈ ತೊಡೆಯ ಮೇಲೇ ಇತ್ತು. ಆದರೆ ಪರದೆಯ ಮೇಲೆ 'ನೀರು' ತಗ್ಗಿತು.

"ನೀರು," ಎಂದಿತು ಹಲಗೆ. "ನೀರು. ನೀರು. ನೀರು. ನೀರು."

"ನಿಲ್ಲಿಸ್ದೆ ಅಂದ್ಯಲ್ಲ!" ತಮ್ಮ ಕಿರುಚಿದ.

ಮಗಳು ಲ್ಯಾಪ್‌ಟಾಪಿನ ಕಡೆ ನೋಡಿದಳು. ಸಾಲಿನ ಮೇಲೆ ಸಾಲು ಉಕ್ಕಿ ಬರುತ್ತಿತ್ತು. ಯಾವುದರಲ್ಲೂ ಪ್ರೋಗ್ರಾಮಿನ ಗುರುತು ಇರಲಿಲ್ಲ. ಎಲ್ಲವೂ ಬೆರಳಿನವು. ಎಲ್ಲವೂ ಹಳೆಯವು. ಗಾಜು ಬೆರಳುಗಳನ್ನು ಎಸೆಯುತ್ತದೆ ಎಂದೇ ಅವಳು ತಿಳಿದಿದ್ದಳು. ಎಸೆಯಬೇಡ, ಯಾರು ಎಲ್ಲಿ ಕೈಯಾಡಿಸಿದರು ಎಂದು ಕೊನೆಗೆ ನೋಡಬೇಕು, ತಡೆದು ಇಟ್ಟಿರು ಎಂದು ಮೆಕ್ಯಾನಿಕ್ ಹಿಂದೊಮ್ಮೆ ಹೇಳಿದ್ದ. ಒಂದೇ ಒಂದು ಪದ ಬದಲಿಸಿ ಅದನ್ನು ಮಾಡಿ ಮರೆತುಬಿಟ್ಟಿದ್ದಳು. ಹಲಗೆಯನ್ನು ಯಾರೂ ಆರಿಸಿರಲಿಲ್ಲ. ತಡೆದಿಟ್ಟದ್ದು ಒಂದೂ ಕಳೆದಿರಲಿಲ್ಲ. ಮೇಲಿನ ಕಿಟಕಿ ಹೋದೊಡನೆ, ಏಳು ತಿಂಗಳು ಸರತಿಯಲ್ಲಿ ನಿಂತಿದ್ದ ಬೆರಳುಗಳೆಲ್ಲ ಬಂದ ಕ್ರಮದಲ್ಲೇ ಕೆಳಗಿಳಿಯುತ್ತಿದ್ದವು.

ಅಮ್ಮ ಲೋಟದಲ್ಲಿ ನೀರು ಹಿಡಿದು ಬಂದರು. "ಯಾಕ್ರೀ ಇಷ್ಟು ಬಾಯಾರಿಕೆ?"

"ನೋವು," ಎಂದಿತು ಹಲಗೆ. "ನೋವು. ನೋವು. ಬಾ. ಬಾ. ಬಾ. ನೋವು. ಬೇಡ."

"ಎಲ್ಲಿ ನೋವು?" ಅಮ್ಮ ಲೋಟ ಕೆಳಗಿಟ್ಟು ಅಪ್ಪನ ಹೆಗಲು, ಮೊಣಕಾಲು ಮುಟ್ಟಿ ಮುಟ್ಟಿ ನೋಡಿದರು. ಆಗ ಅವರ ಕಣ್ಣು ಅಪ್ಪನ ಕೈಗಳ ಮೇಲೆ ಬಿತ್ತು. ಹಲಗೆ ಬಾ, ಬಾ ಎನ್ನುತ್ತಲೇ ಇತ್ತು, ಕೈಗಳು ಅಲ್ಲಾಡುತ್ತಿರಲಿಲ್ಲ. ಅವರು ಮಗಳ ಕಡೆ ತಿರುಗಿದರು.

ಮಗಳು ಎಲ್ಲವನ್ನೂ ಹೇಳಿದಳು. ಮುಚ್ಚಿಡಲಿಲ್ಲ, ತೇಲಿಸಲಿಲ್ಲ. ನಡುನಡುವೆ ಹಲಗೆಯ ದನಿಯನ್ನು ಮೀರಿ ಹೇಳಬೇಕಾಗಿ ಬಂದು ಕೂಗಿ ಹೇಳಿದಳು, ಮತ್ತು ಕೂಗುತ್ತಲೇ ಅತ್ತಳು. ಅಮ್ಮ ಕೇಳಿದರು. ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

"ಮದುವೆ ವಿಷಯ ಕೇಳಿದ್ನಲ್ಲ," ಎಂದರು ಕೊನೆಗೆ. "ಅದಕ್ಕೆ ಇವರು ಏನಂದಿದ್ರು?"

"ಗೊತ್ತಾಗಲ್ಲಮ್ಮ. ಎಲ್ಲ ಒಟ್ಟಿಗೆ ಬರ್ತಿದೆ. ಯಾವ ಮಾತು ಯಾವುದಕ್ಕೆ ಅಂತ ಹೇಳಕ್ಕಾಗಲ್ಲ."

"ಬೇಡ," ಎನ್ನುತ್ತಿತ್ತು ಹಲಗೆ. "ಬೇಡ ಬೇಡ ಬೇಡ ಬೇಡ." ಅದು ಪರದೆ ಬಡಿಯುತ್ತಿದ್ದ ದಿನಗಳಿರಬೇಕು, ಒಂದು ಮಾತು ಮುಗಿಯುವ ಮೊದಲೇ ಇನ್ನೊಂದು ಅದರ ಮೇಲೆ ಬಿದ್ದು, ತಮ್ಮನ ದನಿ ಮನುಷ್ಯರದಲ್ಲದಂತೆ ಕೇಳುತ್ತಿತ್ತು. ತಮ್ಮ ಕಿವಿ ಮುಚ್ಚಿಕೊಂಡು ಹೊರಗೆ ಹೋಗಿ ಮೆಟ್ಟಿಲ ಮೇಲೆ ಕೂತ. ಅಂಚೆಚೀಟಿಯಷ್ಟಗಲದ ಬಟನ್ ತಗ್ಗುತ್ತಿತ್ತು, ಏಳುತ್ತಿತ್ತು. ಆ ನಡುಗುವ ಬೆರಳು ಅಷ್ಟು ಚಿಕ್ಕದನ್ನು ಅಷ್ಟು ಸಲ ತಪ್ಪದೆ ಮುಟ್ಟಿದ್ದು ಹೇಗೆ ಎಂದು ಮಗಳಿಗೆ ತಿಳಿಯಲಿಲ್ಲ.

ನಿಲ್ಲಿಸಲೇ ಎಂದು ಕೇಳಿದಳು. ಅಮ್ಮ ಬೇಡವೆಂದು ತಲೆಯಾಡಿಸಿದರು. "ಅವರು ಹೇಳಿದಾಗ ಕೇಳ್ಲಿಲ್ಲ. ಈಗಲಾದ್ರೂ ಕೇಳ್ತೀನಿ."

ಕುರ್ಚಿ ಎಳೆದುಕೊಂಡು ಕೂತರು. ಎದುರಿಗಲ್ಲ, ಪಕ್ಕದಲ್ಲಿ, ಪರದೆ ಕಾಣುವ ಹಾಗೆ. ಹಲಗೆ "ಬಾ" ಎಂದಾಗಲೆಲ್ಲ "ಬಂದೆ ರೀ" ಎಂದರು. "ಬೆಳಕು" ಎಂದಾಗ ಬಿಸಿಲಿದ್ದರೂ ಎದ್ದು ದೀಪ ಹಾಕಿದರು. ನೀರು ಎಂದಾಗ ಲೋಟ ಮುಟ್ಟಿದರು. ಅಪ್ಪ ಆ ಹಳೆಯ ಮಾತುಗಳನ್ನು ಕೇಳುತ್ತ, ಬೇರೆ ಯಾರದೋ ದೂರನ್ನು ಕೇಳುವವರಂತೆ ಕೂತಿದ್ದರು. ಬರಬರುತ್ತ ಬೇಡಗಳು ವಿರಳವಾದವು. ನೋವು ನಿಂತಿತು. ಕೊನೆಕೊನೆಗೆ ಉಳಿದದ್ದು ಬಾ ಒಂದೇ. ಅದೂ ನಿಂತು, ಬೆಳಿಗ್ಗೆ ಮಗಳೇ ಒತ್ತಿದ್ದ ನೀರು, ನೋವು, ಬೇಡಗಳೂ ಬಂದು ಮುಗಿದಾಗ ಬಿಸಿಲು ಗೋಡೆಯಿಂದ ಇಳಿದು ಹೋಗಿತ್ತು.

"ಇನ್ನು ಬರೋದೆಲ್ಲ ಇವರದೇನಾ?" ಎಂದು ಅಮ್ಮ ಕೇಳಿದರು.

"ಅಪ್ಪಂದೇ."

ಅಮ್ಮ ಅಪ್ಪನ ಕಡೆ ಬಾಗಿದರು. "ರೀ, ನಾಳೆ ಎಲ್ಲಿಗೂ ಕಳಿಸಲ್ಲ ನಿಮ್ಮನ್ನ. ನೀವು ಹೇಳ್ದೆ ಕಳಿಸಲ್ಲ. ಹೇಳಿ. ಹೋಗ್ತೀರಾ?"

ಅಪ್ಪನ ಎಡಗೈ ಎದ್ದಿತು. ಗಾಳಿಯಲ್ಲಿ ನಡುಗುತ್ತ ಪರದೆಯವರೆಗೆ ಬಂತು. ಬೆರಳು ಇಳಿಯಿತು.

"ಹೌದು."

ಮಗಳು ಲ್ಯಾಪ್‌ಟಾಪ್ ನೋಡಿದಳು. ಬೆರಳು. ಅಮ್ಮ ಅವಳ ಮುಖದಲ್ಲೇ ಅದನ್ನು ಓದಿಕೊಂಡರು, ಆದರೆ ಒಪ್ಪಲಿಲ್ಲ. "ಅದು ದೊಡ್ಡದಿದೆ ಅಂದ್ಯಲ್ಲ. ಕೈ ಜಾರಿ ಬಿದ್ದಿರತ್ತೆ. ಎಲ್ಲ ಒಂದೇ ಅಳತೆ ಮಾಡು."

ಅದಕ್ಕೆ ಹೊತ್ತು ಬೇಕಾಗಲಿಲ್ಲ. ಏಳು ಬಟನ್‌ಗಳನ್ನೂ ಒಂದೇ ಅಗಲ, ಒಂದೇ ಎತ್ತರ ಮಾಡಿದಳು. ಜಾಗವನ್ನೂ ಬದಲಿಸಿದಳು: ಹೌದು ಇದ್ದಲ್ಲಿ ಬೇಡ, ಬೇಡ ಇದ್ದಲ್ಲಿ ಹೌದು. ಪರದೆ ಒಮ್ಮೆ ಮಿನುಗಿ ಹೊಸದಾಗಿ ಬರೆದುಕೊಂಡಿತು. ಅಮ್ಮ ಮತ್ತೆ ಅದೇ ಮಾತು ಕೇಳಿದರು.

ಬೆರಳು ಹಳೆಯ ಜಾಗಕ್ಕೇ ಹೋಯಿತು. 'ಬೇಡ'ದ ಮೇಲೆ, ಮುಟ್ಟಿಯೂ ಮುಟ್ಟದ ಹಾಗೆ ನಿಂತಿತು. ಅಪ್ಪನ ಕಣ್ಣು ಒಂದೊಂದೇ ಬಟನ್ ಓದುತ್ತ ಕೆಳಗಿನ ಮೂಲೆಗೆ ಇಳಿಯಿತು. ಕೈ ಅದರ ಹಿಂದೆ ನಿಧಾನವಾಗಿ, ನಡುವೆ ಒಂದು ಕಡೆ ಸೋತು ನಿಂತು, ಮತ್ತೆ ಹೊರಟು, ಮೂಲೆಯನ್ನು ಮುಟ್ಟಿತು.

"ಹೌದು," ಎಂದಿತು ಹಲಗೆ.

ಅಮ್ಮ ಸೆರಗಿನಿಂದ ಅಪ್ಪನ ಬೆರಳಿನ ತುದಿಯನ್ನು ಒರೆಸಿದರು. "ಆಗ್ಲಿ," ಎಂದರು. "ನಾನು ದಿನಾ ಬಂದು ನೋಡ್ಕೊಂಡು ಹೋಗ್ಲಾ?"

ಅಪ್ಪನ ಕೈ ತೊಡೆಗೆ ಮರಳಿತ್ತು. ಅವರು ಅಮ್ಮನನ್ನೇ ನೋಡುತ್ತಿದ್ದರು. ಕೈ ಏಳಲಿಲ್ಲ. ಹೌದು ಬರಲಿಲ್ಲ, ಬೇಡವೂ ಬರಲಿಲ್ಲ. ಇಷ್ಟು ತಿಂಗಳಲ್ಲಿ ಆ ಮನೆಯಲ್ಲಿ ಅಮ್ಮ ಕೇಳಿದ ಮಾತಿಗೆ ಉತ್ತರ ಬಾರದೆ ಇದ್ದದ್ದು ಅದೇ ಮೊದಲು. ಮಗಳು ಲ್ಯಾಪ್‌ಟಾಪ್ ಮುಚ್ಚಿದಳು. ಅಮ್ಮ ಕುರ್ಚಿಯನ್ನು ಇನ್ನಷ್ಟು ಹತ್ತಿರಕ್ಕೆ ಎಳೆದುಕೊಂಡು ಕಾಯುತ್ತ ಕೂತರು.